ಹೂಂ ಅನ್ನಲಾರದ ಹೋಸ್ಟ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ – ಯಾವುದಾದರೂ ಒಂದು ಬಸ್ ಸ್ಟ್ಯಾಂಡಿನಲ್ಲಿ ನೀವು ಅವನನ್ನು ಕಂಡಿರುತ್ತೀರಿ. ಬೆನ್ನಿಗೆ ಕರಿ ಬ್ಯಾಗು, ಕೊರಳಲ್ಲಿ ದೊಡ್ಡ ಹೆಡ್‌ಫೋನು, ಎದುರಿಗೆ ಯಾರೇ ಬಂದರೂ 'ಇವರ ಹತ್ರ ಒಂದು ಕಥಿ ಐತಿ' ಎಂದು ಅಳೆಯುವ ಕಣ್ಣು. ಹಿಂದೆ ಇದೇ ವಯಸ್ಸಿನ ಹುಡುಗ ವಿಮಾ ಏಜೆಂಟನಾಗುತ್ತಿದ್ದ. ಆಗಲೂ ಅವನನ್ನು ಕಂಡ ಜನ ಓಣಿ ಬದಲಿಸುತ್ತಿದ್ದರು, ಈಗಲೂ ಬದಲಿಸುತ್ತಾರೆ. ಈಗ ಅವನು ಪಾಡ್‌ಕಾಸ್ಟ್ ಹೋಸ್ಟ್. ಹೆಸರು ಬೇಡ. ಯಾವ ಹೆಸರು ಹಾಕಿದರೂ ನಾಲ್ಕೂ ತಾಲ್ಲೂಕಿನಿಂದ 'ನನ್ನ ಮ್ಯಾಲೇ ಬರದೀರಿ' ಎಂದು ಫೋನು ಬರುತ್ತದೆ, ಎರಡನೇ ಮಾತಿಗೆ 'ನಮ್ಮ ಶೋಕ್ಕ ಯಾವಾಗ ಬರ್ತೀರಿ?' ಎಂಬ ಆಮಂತ್ರಣ ಬರುತ್ತದೆ.

ಬೆಂಗಳೂರಿನ 'ತಲೆ-ಹರಟೆ' ಕನ್ನಡ ಪಾಡ್‌ಕಾಸ್ಟ್ ಕೇಳಿದ ಮೇಲೆ ಇವನಿಗೆ ಈ ಗೀಳು ಹತ್ತಿತು. ಮಂದಿ ಕೂತು ಹರಟುವುದು, ಅದನ್ನು ಊರೆಲ್ಲ ಕೇಳುವುದು! ಅವನ ಅಪ್ಪನಿಗೆ ಮಾತ್ರ ಇದು ಇನ್ನೂ ತಿಳಿದಿಲ್ಲ. 'ಹರಟಿ ಹೊಡಿಯಾಕ ಕರೆಂಟ್ ಯಾಕ ಬೇಕೋ?' ಎಂದು ಕೇಳುತ್ತಾರೆ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಂದಿನಿಂದ ಈ ಸೀಮೆಯ ಹೊಲಮನೆಗಳಲ್ಲಿ ದನಿ ಎಂದರೆ ಗೂಟಕ್ಕೆ ನೇತುಹಾಕಿದ ರೇಡಿಯೊದಿಂದ ಬರುವಂಥದ್ದು. 'ರೇಡಿಯೊದಾಗ ಬರ್ತೈತೇನು?' 'ಇಲ್ಲಪ್ಪಾ.' 'ಹಂಗಾರ ಬಾಗಲಾ ಹಾಕ್ಕೊಂಡು ಯಾರಿಗೆ ಹೇಳಾಕತ್ತೀ?'

ಬಾಗಿಲು ಹಾಕಿಕೊಳ್ಳುವ ಕೋಣೆ ಮೊದಲು ಜೋಳದ ಚೀಲ ಇಡುವ ಜಾಗ. ಚೀಲಗಳಿದ್ದಾಗ ಅಲ್ಲಿ ಯಾರು ಮಾತಾಡಿದರೂ ದನಿ ಮೆತ್ತಗೆ ಕೇಳುತ್ತಿತ್ತು. ಸ್ಟುಡಿಯೊ ಮಾಡಬೇಕೆಂದು ಚೀಲ ಹೊರಗೆ ಹಾಕಿದ್ದೇ ತಡ, ಬರಿಗೋಡೆಗೆ ಬಡಿದ ಮಾತು ಹೊರಳಿ ಬಂದು ಮೈಕಿಗೆ ಬೀಳತೊಡಗಿತು. ಫೋಮಿನ ಹಾಳೆ ತರಿಸಿದ, ಇಲಿಗಳು ಅದನ್ನು ಮೆಚ್ಚಿದವು. ಕಡೆಗೆ ಅವ್ವನ ಕೌದಿಗಳು ಗೋಡೆ ಏರಿದವು. ಹಳೆ ಸೀರೆ, ಧೋತರ ಪದರ ಪದರವಾಗಿ ಕೂಡಿಸಿ ಒತ್ತಾಗಿ ಹೊಲಿದ ಕೌದಿ ದನಿಯನ್ನು ನುಂಗುತ್ತದೆ, ತಿರುಗಿ ಕೊಡುವುದಿಲ್ಲ. ಹೋಸ್ಟ್ ಅದನ್ನು ಬಂದವರಿಗೆಲ್ಲ 'ಅಕೌಸ್ಟಿಕ್ ಟ್ರೀಟ್‌ಮೆಂಟ್' ಎಂದು ತೋರಿಸುತ್ತಾನೆ. ಬಾಗಿಲಲ್ಲಿ ಚಹಾ ಹಿಡಿದು ನಿಂತ ಅವ್ವ, 'ನಡುವಿಂದು ನಮ್ಮ ಅತ್ತೀ ಸೀರಿ, ಇಳಕಲ್ಲಿಂದು' ಎಂದು ಸೇರಿಸುತ್ತಾಳೆ. ಚಳಿ ಬಿದ್ದಾಗ ಮನೆಮಂದಿ ಕೌದಿ ಇಳಿಸಿ ಹೊದ್ದುಕೊಳ್ಳುವುದರಿಂದ ಡಿಸೆಂಬರ್, ಜನವರಿಯ ಸಂಚಿಕೆಗಳಲ್ಲಿ ಪ್ರತಿಧ್ವನಿ ತುಸು ಜಾಸ್ತಿ. ಕೇಳುಗರು ಅದನ್ನು ಹೊಸ ಎಫೆಕ್ಟ್ ಎಂದುಕೊಂಡಿದ್ದಾರೆ.

ಮೇಜಿನ ಮೇಲಿನ ದಪ್ಪ ಕರಿ ಮೈಕು ಅಮೆರಿಕದ ಶೂರ್ ಕಂಪನಿಯ ಎಸ್‌ಎಂ7 ಜಾತಿಯದರ ಪಡಿಯಚ್ಚು. ಅಸಲಿ ಮೈಕಿನಲ್ಲಿ ಮೈಕೆಲ್ ಜಾಕ್ಸನ್ 1982ರ 'ಥ್ರಿಲ್ಲರ್' ಹಾಡಿದ್ದನೆಂಬುದನ್ನು ಪ್ರತಿಯೊಬ್ಬ ಅತಿಥಿಗೂ ಹೇಳಲಾಗುತ್ತದೆ, ಅತಿಥಿ ಮುರಗೋಡದ ಬೀಜ-ಗೊಬ್ಬರದ ವ್ಯಾಪಾರಿಯಾದರೂ ಸರಿ. ಈ ಜಾತಿಗೆ ಕಿವಿ ಮಂದ. ನಾಲ್ಕು ಬೆರಳು ಅಂತರದಲ್ಲಿ ಆಡಿದ ಮಾತಷ್ಟೇ ಅದಕ್ಕೆ ಮಾತು, ಆಚೀಚೆಯ ಗದ್ದಲ ಲೆಕ್ಕಕ್ಕಿಲ್ಲ. ನಮ್ಮೂರಿಗೆ ಬೇಕಾದ ಗುಣವೇ ಅದು. ಆದರೆ ನಮ್ಮ ಕಡೆಯ ಗೌಡರಿಗೆ ಗೋಡೆಗೋ ಲೋಡಿಗೋ ಆನದೆ ಮಾತೇ ಹೊರಡುವುದಿಲ್ಲ. 'ಸ್ವಲ್ಪ ಮುಂದ ಬರ್ರಿ ಗೌಡ್ರ' ಎಂದರೆ ಕುರ್ಚಿ ಮುಂದೆ ಬರುತ್ತದೆ, ಗೌಡರು ಬರುವುದಿಲ್ಲ. ಪುಢಾರಿ ಬಂದರೆ ಇನ್ನೊಂದು ತರಹ: ಮೈಕಿನ ನೆತ್ತಿಗೆ ಮೂರು ಏಟು ಬಡಿದು, 'ಹಲೋ, ಹಲೋ' ಎಂದು, ಕಿತ್ತು ಕೈಗೆ ತೆಗೆದುಕೊಂಡು ಎದ್ದೇ ನಿಲ್ಲುತ್ತಾನೆ. ವೇದಿಕೆಯ ಮೇಲಿರುವ ಗಣ್ಯರನ್ನೂ ಸ್ವಾಗತಿಸುತ್ತಾನೆ. ವೇದಿಕೆಯ ಮೇಲೆ ಹೋಸ್ಟ್ ಒಬ್ಬನೇ.

ಇನ್ನೊಂದು ತಾಪತ್ರಯ ತುಟಿಗೆ ಸಂಬಂಧಿಸಿದ್ದು. ಪ, ಬ, ಭ ಬಂದಾಗಲೆಲ್ಲ ಬಾಯಿಂದ ಹಾರುವ ಗಾಳಿ ಮೈಕಿನೊಳಗೆ ಧಬ್ಬೆಂದು ಬೀಳುತ್ತದೆ. ಹುಬ್ಬಳ್ಳಿಯ ಹೋಸ್ಟ್ ಹೇಗೋ ನಿಭಾಯಿಸಬಹುದು, ಬೈಲಹೊಂಗಲದವನ ಪಾಡೇನು? ಊರ ಹೆಸರೇ ಬಾಂಬು. ಬೆಳವಡಿ ಮಲ್ಲಮ್ಮನ ಸಂಚಿಕೆಯನ್ನಂತೂ ಹೆಡ್‌ಫೋನಿನಲ್ಲಿ ಕೇಳಿದವರು ಗಾಬರಿಯಾದರು. ಹೋಸ್ಟ್ ಮೈಕಿನ ಮುಂದೆ ಹಿಟ್ಟಿನ ಸಾಣಿಗೆ ಕಟ್ಟಿದ. ಫಲ ಕೊಟ್ಟಿತು. ಆದರೆ ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಸಾಣಿಗೆ ಒಳಗೆ ಹೋಗಬೇಕು. ಆದ್ದರಿಂದ ಆರು ಗಂಟೆಯ ಮೇಲೆ ಬರುವ ಅತಿಥಿಗಳು 'ಬ' ಬರದಂತೆ ಮಾತಾಡಬೇಕೆಂದು ಕೇಳಿಕೊಳ್ಳಲಾಗುತ್ತದೆ.

ಕೆಂಪು ದೀಪ ಹತ್ತಿತೋ, ಹೋಸ್ಟನ ನಾಲಿಗೆ ಬೆಂಗಳೂರಿನ ಬಸ್ಸು ಹತ್ತುತ್ತದೆ. ಈಗಷ್ಟೇ 'ಮಾವಾ, ಕಾಲ ಅಲ್ಲಾಡಸಬ್ಯಾಡ, ಸದ್ದ ಬರ್ತೈತಿ' ಎನ್ನುತ್ತಿದ್ದವನು, 'ನಮಸ್ಕಾರ ಸ್ನೇಹಿತರೇ, ಇವತ್ತು ನಮ್ಮ ಜೊತೆಗಿದ್ದಾರೆ ಒಬ್ಬ ವಿಶೇಷ ಅತಿಥಿ' ಎಂದು ಶುರು ಮಾಡುತ್ತಾನೆ. ಮಾವ ಯಾರು ಬಂದರೆಂದು ಬಾಗಿಲ ಕಡೆ ನೋಡುತ್ತಾರೆ.

'ಸರ್, ನಿಮ್ಮ ಜರ್ನಿ ಹೇಗಿತ್ತು?'

'ಭಾಳ ಗದ್ದಲಿತ್ತಪಾ. ಯರಗಟ್ಟಿ ತನಕ ನಿಂತ ಬಂದೆ.'

ಈ ಉತ್ತರದ ಹಿಂದೆ ಒಳ್ಳೆಯ ಅರ್ಧ ಗಂಟೆ ಇತ್ತು. ಯಾಕೆ ಗದ್ದಲ, ಯಾವ ಸಂತೆ, ಯಾರು ಸಿಕ್ಕರು – ಒಂದು 'ಹೂಂ' ಅಂದಿದ್ದರೆ ಸಾಕಿತ್ತು, ಮಾವ ಹೊಳೆಯಾಗಿ ಹರಿಯುತ್ತಿದ್ದರು. ಹೋಸ್ಟ್ ಹೂಂ ಅನ್ನಲಿಲ್ಲ. 'ಅಲ್ಲ ಸರ್, ಬದುಕಿನ ಜರ್ನಿ' ಎಂದು ತಿದ್ದಿದ. ತಿದ್ದಿಸಿಕೊಂಡ ಮನುಷ್ಯ ಸಣ್ಣಗಾಗುತ್ತಾನೆ. 'ಚಲೋ ಐತಿ' ಎಂದು ಮಾವ ಮುಗಿಸಿದರು. ನನ್ನ ಪ್ರಕಾರ ಈ ಕಸುಬಿನ ಎಲ್ಲ ರೋಗದ ಬೇರು ಇಲ್ಲೇ ಇದೆ. ಇವನಿಗೆ ಮೈಕು, ಕೌದಿ, ಸಾಣಿಗೆ ಎಲ್ಲ ಒದಗಿವೆ. ಕತೆ ಹೇಳುವ ಅಜ್ಜಿಯ ಎದುರು ಕೂತು ಹೂಂಗುಟ್ಟುವ ಮೊಮ್ಮಗನ ಕೆಲಸ ಮಾತ್ರ ಒಗ್ಗಿಲ್ಲ. ಹೋಸ್ಟನ ಪ್ರಶ್ನೆಗೆ ಪೀಠಿಕೆ ಇರುತ್ತದೆ, ನಡುವೆ ಸ್ವಂತ ಅನುಭವ ಇರುತ್ತದೆ, ಉತ್ತರವೂ ಇರುತ್ತದೆ. ಅತಿಥಿಗೆ ಉಳಿಯುವುದು 'ಹೌದ್ರಿ'.

ಕಿತ್ತೂರಿನಲ್ಲಿ ಇದರ ಪರಮಾವಧಿ ನೋಡಬೇಕು. ಅಲ್ಲಿಯ ಹೋಸ್ಟ್ ಕೋಟೆಯ ಗೋಡೆಗೆ ಬೆನ್ನು ಕೊಟ್ಟೇ ಮಾತಾಡುವವನು. 2024ರಲ್ಲಿ ರಾಣಿ ಚೆನ್ನಮ್ಮನ ವಿಜಯಕ್ಕೆ 200 ವರ್ಷ ತುಂಬಿದಾಗ ಇತಿಹಾಸ ಬಲ್ಲ ನಿವೃತ್ತ ಮಾಸ್ತರರೊಬ್ಬರನ್ನು ಹಿಡಿದು ತಂದ. ಮಾಸ್ತರರ ಚೀಲದಲ್ಲಿ ಸರಕಿತ್ತು. ಜಗಳದ ಗಂಟು ದತ್ತಕದಲ್ಲಿತ್ತು, ಶಿವಲಿಂಗರುದ್ರ ಸರ್ಜ ತೀರಿಕೊಂಡ ಮೇಲೆ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡದ್ದನ್ನು ಕಂಪನಿ ಒಪ್ಪಲಿಲ್ಲ, ಧಾರವಾಡದ ಕಲೆಕ್ಟರ್ ಥ್ಯಾಕರೆ ಬೀಗಮುದ್ರೆಗೆಂದು ಬಂದು 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಸತ್ತ, ಡಿಸೆಂಬರಿನಲ್ಲಿ ದೊಡ್ಡ ಫೌಜು ಬಂತು – ಹೀಗೆ ಒಂದೊಂದೇ ಎಳೆ ಬಿಡಿಸಲು ಕೂತರು. 'ದತ್ತಕ' ಎನ್ನುವಷ್ಟರಲ್ಲಿ ಹೋಸ್ಟ್ ಬಾಯಿ ಹಾಕಿ ಕಪ್ಪದ ಸಂಭಾಷಣೆಯನ್ನು ಅಭಿನಯಸಮೇತ ಹೇಳಿದ. ಅದು 1961ರ ಬಿ. ಆರ್. ಪಂತುಲು ಅವರ ಸಿನಿಮಾದ್ದು, ಬಿ. ಸರೋಜಾದೇವಿ ಹೇಳಿದ್ದು. ಹೋಸ್ಟನ ಮಟ್ಟಿಗೆ ಅದೇ ಪ್ರಾಥಮಿಕ ಆಕರ.

'ಸರ್, ಥ್ಯಾಕರೆ ಬಿದ್ದ ಆ ಕ್ಷಣ, ರಾಣಿಗೆ ಏನನ್ನಿಸಿತು?'

'ನಾ ಅಲ್ಲಿದ್ದಿಲ್ಲಪಾ.'

ಮಾಸ್ತರರು ಬಿಡಲಿಲ್ಲ. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಿದ್ದ ವರ್ಷಗಳು, 1829ರಲ್ಲಿ ಅಲ್ಲೇ ತೀರಿಕೊಂಡದ್ದು, ಸೋತ ಮೇಲಿನ ಆ ಮೌನದ ಕಾಲವನ್ನು ಯಾರೂ ಬರೆಯುವುದಿಲ್ಲ ಎಂದು ನಿಧಾನವಾಗಿ ಹೇಳತೊಡಗಿದರು. ನಾನು ಕೇಳಿದ ಸಂಚಿಕೆಯಲ್ಲಿ ಅದೆಲ್ಲ ಇರಲಿಲ್ಲ. 'ಲ್ಯಾಗ್ ಆತು, ಕಟ್ ಮಾಡಿದೆ' ಎಂದು ಹೋಸ್ಟ್ ನಂತರ ಹೇಳಿದ. ಉಳಿದದ್ದು ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ನಂದಗಡದಲ್ಲಿ ಗಲ್ಲಿಗೇರಿದ್ದು ಜನವರಿ 26 ಎಂಬ, ನಮ್ಮ ಕಡೆ ಗೋಡೆ ಗೋಡೆಗೂ ಗೊತ್ತಿರುವ ಮಾತು, ಅದರ ಹಿಂದೆ ಹೋಸ್ಟನ 'ಗೂಸ್‌ಬಂಪ್ಸ್ ಸರ್, ಗೂಸ್‌ಬಂಪ್ಸ್!'

ಸವದತ್ತಿಯವನದು ಹೊರಾಂಗಣದ ಕಷ್ಟ. ಎಲ್ಲಮ್ಮನ ಗುಡ್ಡದ ಗಾಳಿ ಬರಿ ಮೈಕಿಗೆ ಬಡಿದರೆ ಮಾತಿನ ಬದಲು ಗೊರಗೊರ ಸದ್ದು. ಅದಕ್ಕೆ ತುಪ್ಪಳದ ಟೊಪ್ಪಿಗೆ ಬೇಕು. ಅವನು ಕರಿಕಂಬಳಿಯ ತುಂಡು ಸುತ್ತಿದ, ಬುದ್ಧಿವಂತ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಚೌಡಿಕೆ ಹಿಡಿದ ಹಿರಿಯಳೊಬ್ಬಳ ಮುಂದೆ ಮಂಡಿಯೂರಿ ಕೂತ, ಗೇನ್ ಹದ ಮಾಡಿದ, ಮೀಟರು ಹಸಿರಿನಲ್ಲೇ ಇತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಚಕ್ಕಡಿ ಮಂದಿ 'ಉಧೋ ಉಧೋ' ಎಂದಿತು. ಮೀಟರು ಕೆಂಪಿಗೆ ಹೋದದ್ದು ಹಸಿರಿಗೆ ಮರಳಲೇ ಇಲ್ಲ. ಮೇಲಿಂದ ಬಿದ್ದ ಭಂಡಾರ ರೆಕಾರ್ಡರಿನ ಒಳಗೆ ಇಳಿದು, ಅದು ಇಂದಿಗೂ ಬಟನ್ ಒತ್ತಿದರೆ ಹಳದಿ ಉಗುಳುತ್ತದೆ. ಯಂತ್ರ ರಿಪೇರಿಗೆ ಕೊಡು ಎಂದರೆ ಅವ್ವ ಬಿಡುವುದಿಲ್ಲ. ದೇವರು ಬಂದು ಸೇರಿದ್ದನ್ನು ಹೊರಗೆ ಹಾಕಬಾರದಂತೆ.

ರಾಮದುರ್ಗದವನು ನೇಕಾರರ ಮನೆಗೆ ಹೋಗಿ 'ಮಗ್ಗ ಸ್ವಲ್ಪ ನಿಲ್ಲಸ್ರಿ' ಎಂದ. 'ಸೀರಿ ನೀ ಕೊಡ್ತಿ ಏನು?' ಎಂದರು. ಆ ಸಂಚಿಕೆಯ ಹೆಸರು 'ಮಗ್ಗದ ನಾದ'. ಅದರಲ್ಲಿ ಇನ್ನೇನೂ ಇಲ್ಲ.

ಎಲ್ಲರಿಗೂ ಸಮಾನವಾದ ಶತ್ರು ಕಬ್ಬಿನ ಹಂಗಾಮು. ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರು ಗಂಟೆಗೊಮ್ಮೆ ಮನೆ ಮುಂದೆ ಹಾಯುತ್ತದೆ, ಡ್ರೈವರನ ತಲೆಯ ಮೇಲೆ ಡಬ್ಬಿಯಷ್ಟೆತ್ತರದ ಸ್ಪೀಕರು. ಹಾಡು ಮೈಕಿನಲ್ಲಿ ಬಿದ್ದರೆ ಅಳಿಸಲಾಗದು. ಮರುದಿನ ಹಾಡಿನ ಮಾಲೀಕರಿಂದ ಕಾಪಿರೈಟ್ ನೋಟೀಸು. ಬಸವಣ್ಣನವರ ವಚನಗಳ ಸಂಚಿಕೆಯ ಗಳಿಕೆಯೆಲ್ಲ ಒಂದು ಡಿಜೆ ಹಾಡಿನ ಖಾತೆಗೆ ಹೋಯಿತು.

ಇತ್ತೀಚೆಗೆ ಹೋಸ್ಟ್ ಅಪರಾಧ ಕಥೆಗೆ ಕೈ ಹಾಕಿದ್ದಾನೆ. ಅಮೆರಿಕದಲ್ಲಿ ಅದಕ್ಕೇ ಕೇಳುಗರು ಹೆಚ್ಚಂತೆ. ಮೂರು ತಾಸಿನ ಸಂಚಿಕೆ, ಹಿನ್ನೆಲೆಗೆ ಭಯದ ಸಂಗೀತ, 'ಕನ್ನಡದಲ್ಲಿ ಮೊಟ್ಟಮೊದಲ ಬಾರಿಗೆ' ಎಂಬ ಘೋಷಣೆ. ಬೈಲಹೊಂಗಲದಲ್ಲಿ ಕೂತು ಹೇಳುವ ಮಾತೇ ಇದು! ಗೆಳೆತನ, ಹೆಣ್ಣು, ಕೊಲೆ – ಇದೇ ಊರಿನಲ್ಲಿ ನಡೆದ ಘಟನೆಯೆಂದು ಜನ ಹೇಳುವ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಅವನ ಅಜ್ಜಿ ಅದೆಷ್ಟು ರಾತ್ರಿ ಬೆಳ್ಳಬೆಳತನಕ ಕೂತು ನೋಡಿದ್ದಾಳೋ. ಕೊಲೆಗಾರ ಯಾರೆಂದು ಎಲ್ಲರಿಗೂ ಮೊದಲೇ ಗೊತ್ತು, ಆದರೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಮೂರು ತಾಸು ಎಂದು ಮೊಮ್ಮಗ ಹೇಳಿದಾಗ ಅಜ್ಜಿ, 'ಅಷ್ಟ ಲಗೂನ ಮುಗಸ್ತಿ?' ಎಂದು ಕೇಳಿದಳು.

ಅವನ ಶೋ ಹೆಸರು ಮಾಡಿದ್ದು ಮಾತ್ರ ಬೇರೆ ಕಾರಣಕ್ಕೆ. ಬೈಲಹೊಂಗಲ–ಸವದತ್ತಿ ದಾರಿಯಲ್ಲಿ ನೌಕರಿ ಕಳೆದ ನಿವೃತ್ತ ಕಂಡಕ್ಟರರೊಬ್ಬರು ಅತಿಥಿಯಾಗಿ ಬಂದಿದ್ದರು. ಜಾತ್ರೆ ಬಸ್ಸಿನ ಟಪ್ಪಿನ ಮೇಲೆ ಟಿಕೆಟು ಹರಿದದ್ದು, ತವರಿನಿಂದ ಹೊರಟ ಹೆಣ್ಣುಮಕ್ಕಳು ಯಾವ ಸ್ಟಾಪು ದಾಟಿದ ಮೇಲೆ ಅಳು ನಿಲ್ಲಿಸುತ್ತಾರೆಂಬ ಲೆಕ್ಕ, ಚಿಲ್ಲರೆ ಇಲ್ಲವೆಂದು ಕೈಗಿತ್ತ ಬದನೆಕಾಯಿ, ಟಿಕೆಟಿಲ್ಲದೆ ಸಿಕ್ಕ ಬೀಗರು. ಹೋಸ್ಟ್ ಎಂದಿನಂತೆ ಎರಡು ತಾಸು ಪ್ರಶ್ನೆ ಕೇಳಿದ. ರಾತ್ರಿ ಎಡಿಟಿಂಗಿಗೆ ಕೂತರೆ ಅವನ ಮೈಕಿನ ವೈರು ಸಡಿಲಾಗಿ ಅವನ ಟ್ರ್ಯಾಕಿನಲ್ಲಿ ಒಂದಕ್ಷರವಿಲ್ಲ. ಮತ್ತೆ ಮಾಡೋಣವೆಂದರೆ ಕಂಡಕ್ಟರರು ಮಗನ ಮನೆಗೆ ಪುಣೆಗೆ ಹೋಗಿಬಿಟ್ಟಿದ್ದರು. ಖಾಲಿ ಜಾಗವೆಲ್ಲ ಕತ್ತರಿಸಿ, ಉಳಿದ ನಲವತ್ತು ನಿಮಿಷವನ್ನು ಅಳುಮೋರೆ ಮಾಡಿಕೊಂಡೇ ಹಾಕಿದ. ಅದರಲ್ಲಿ ಬರೀ ಕಂಡಕ್ಟರರ ದನಿ; ಮಾತಾಡಿ ಮಾತಾಡಿ ಸುಸ್ತಾದ ಗಳಿಗೆಯಲ್ಲಿ ಹೋಸ್ಟ್ ಅಂದಿದ್ದ ಒಂದೆರಡು 'ಹೂಂ' ಅತಿಥಿಯ ಮೈಕಿಗೆ ದೂರದಿಂದ ಬಿದ್ದಿದ್ದವು, ಅಷ್ಟೇ.

ಇಚಲಕರಂಜಿಯಿಂದ ಫೋನು ಬಂತು, ದುಬೈಯಿಂದ ಬಂತು. ಮುನವಳ್ಳಿಯ ಚಹಾದಂಗಡಿಯಲ್ಲಿ ಅದನ್ನು ದೊಡ್ಡ ದನಿಗೆ ಹಚ್ಚಿಟ್ಟಿದ್ದರು. ಅವನ ಅಪ್ಪ ಮೊದಲ ಸಲ ಪೂರ್ತಿ ಕೇಳಿ, 'ಇದ ನೋಡು ಹರಟಿ ಅಂದ್ರ' ಎಂದರು.

ಇಷ್ಟು ದೊಡ್ಡ ಯಶಸ್ಸಿನಿಂದ ಪಾಠ ಕಲಿಯದಷ್ಟು ದಡ್ಡನಲ್ಲ ನಮ್ಮ ಹೋಸ್ಟ್. ಮೊನ್ನೆ ಹೋಗಿ ನೋಡಿದೆ. ಮೇಜಿನ ಮೇಲೆ ಅವನ ಕಡೆಗೆ ಈಗ ಎರಡು ಮೈಕು, ಎರಡೂ ಹೊಸ ವೈರಿನವು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಅತಿಥಿಯ ಮುಂದಿನದನ್ನೇ ಆ ಕಡೆಗೆ ತಿರುಗಿಸಿದ್ದ. ಅತಿಥಿಗೆ ಕಾಲರಿನ ಸಣ್ಣದೊಂದು ಸಾಕಂತೆ.