ಚಿತ್ರಚಯನ ಮೀಮಾಂಸೆ: ಆನ್‌ಲೈನ್ ಸಿನಿಮಾ ಬಳಗಗಳಲ್ಲಿ ಆರಿಸುವ ಹಾಗೂ ನೋಡದೆ ಚರ್ಚಿಸುವ ಶಾಸ್ತ್ರ

ಯಾವುದೇ ಶಾಸ್ತ್ರ ಲಕ್ಷಣದಿಂದ ಶುರುವಾಗಬೇಕು. ಆನ್‌ಲೈನ್ ಸಿನಿಮಾ ಬಳಗವೆಂದರೇನು? ಪೂರ್ವಪಕ್ಷದವರು ಹೇಳುವುದು ಇಷ್ಟು: ಬೇರೆ ಬೇರೆ ಊರುಗಳಲ್ಲಿರುವ ಆಸಕ್ತರು ವಾರಕ್ಕೊಂದು ಸಿನಿಮಾ ನೋಡಿ, ಶನಿವಾರ ರಾತ್ರಿ ಜೂಮ್‌ನಲ್ಲಿ ಸೇರಿ, ಅದರ ಬಗ್ಗೆ ಮಾತಾಡುವ ಕೂಟ. ತರ್ಕಶಾಸ್ತ್ರ ಹೇಳುವ ಮೂರೂ ದೋಷಗಳು ಈ ಲಕ್ಷಣಕ್ಕೆ ಒಟ್ಟಿಗೇ ಅಂಟಿಕೊಂಡಿವೆ. ನೋಡದೆಯೇ ಮಾತಾಡುವ ಸದಸ್ಯರು ಇದರೊಳಗೆ ಬರುವುದಿಲ್ಲವಾದ್ದರಿಂದ ಅವ್ಯಾಪ್ತಿ. ಸೋಫಾದ ತುದಿಯಲ್ಲಿ ಕೂತು ಪೂರ್ತಿ ನೋಡಿ, 'ಪಾಪ, ಆ ಹುಡುಗಿ' ಎಂದು ಎದ್ದುಹೋಗುವ ಅತ್ತೆಯವರೂ ಇದರೊಳಗೆ ಬಂದುಬಿಡುವುದರಿಂದ ಅತಿವ್ಯಾಪ್ತಿ. 'ವಾರಕ್ಕೊಂದು' ಎಂದದ್ದರಿಂದ ಅಸಂಭವ. ಆದ್ದರಿಂದ ಸಿದ್ಧಾಂತ ಹೀಗೆ: ಒಂದು ಸಿನಿಮಾ ನೋಡಿ ಮುಗಿಸುವಷ್ಟು ಹೊತ್ತನ್ನು ಯಾವ ಸಿನಿಮಾ ನೋಡೋಣ ಎಂದು ಆರಿಸುವುದರಲ್ಲಿ ಕಳೆಯುವ ಗುಂಪೇ ಸಿನಿಮಾ ಬಳಗ. ಅತ್ತೆಯವರು ಇದರ ಹೊರಗುಳಿಯುತ್ತಾರೆ. ಅವರು ಸಿನಿಮಾ ನೋಡಿದ್ದಾರೆ.

ಇತಿಹಾಸಕ್ಕೆ ಬಂದರೆ, ಈ ಕ್ಷೇತ್ರದ ಪೂರ್ವಜರು ಆರಿಸುತ್ತಲೇ ಇರಲಿಲ್ಲ ಎಂಬುದು ಮೊದಲು ಕಣ್ಣಿಗೆ ಬೀಳುವ ಕೊರತೆ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. 1959ರಲ್ಲಿ ಇಂಥ ಸೊಸೈಟಿಗಳದ್ದೇ ಒಂದು ಒಕ್ಕೂಟವಾಗಿ ರಾಯ್ ಅದರ ಅಧ್ಯಕ್ಷರಾದರು. ಬೆಂಗಳೂರಿನಲ್ಲಿ 1971ಕ್ಕೆ ಸುಚಿತ್ರಾ ಬಂತು, ಹೆಗ್ಗೋಡಿನಲ್ಲಿ 1973ಕ್ಕೆ ಕೆ. ವಿ. ಸುಬ್ಬಣ್ಣನವರ ನೀನಾಸಂ ಚಿತ್ರಸಮಾಜ. ಈ ಕಾಲವನ್ನು ಸಂಶೋಧಕರು ಡಬ್ಬಿಯುಗವೆಂದು ಕರೆಯಬೇಕೆಂಬುದು ನಮ್ಮ ಸೂಚನೆ. ರೀಲುಗಳು ಪುಣೆಯ ಚಿತ್ರಭಂಡಾರದಿಂದಲೋ ಯಾವುದೋ ದೇಶದ ರಾಯಭಾರ ಕಚೇರಿಯಿಂದಲೋ ಡಬ್ಬಿಗಳಲ್ಲಿ ಬರುತ್ತಿದ್ದವು. ಬಂದ ಡಬ್ಬಿಯಲ್ಲಿ ಏನಿತ್ತೋ ಅದೇ ಸಿನಿಮಾ. ಪೋಲೆಂಡಿನದು ಬಂದರೆ ಪೋಲೆಂಡಿನದು, ಜಪಾನಿನದು ಬಂದರೆ ಜಪಾನಿನದು. 'ಇವತ್ತು ಅಂಥ ಮೂಡ್ ಇಲ್ಲ' ಎನ್ನಲು ಜಾಗವೇ ಇರಲಿಲ್ಲ. ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ ವಿಶ್ವಸಿನಿಮಾ ನೋಡಿದ್ದಕ್ಕೆ ಇದೊಂದೇ ಕಾರಣ ಎಂದರೆ ಸುಬ್ಬಣ್ಣನವರಿಗೆ ಅನ್ಯಾಯ ಮಾಡಿದಂತೆ. ಆದರೂ ಅಲ್ಲಿ ಪರದೆ ಒಂದೇ ಇತ್ತು, ಎಲ್ಲರೂ ಅದರ ಕಡೆಗೇ ಮುಖ ಮಾಡಿ ಕೂತಿದ್ದರು ಎಂಬುದನ್ನು ಇತಿಹಾಸಕಾರರು ಕಡೆಗಣಿಸುವಂತಿಲ್ಲ.

ಡಬ್ಬಿಯುಗ ಕಳೆದು ಪಾಸ್‌ವರ್ಡ್‌ಯುಗ ಬಂತು. ಇದರಲ್ಲಿ ಪ್ರತಿ ಸದಸ್ಯರ ಬಳಿ ಸಾವಿರಾರು ಸಿನಿಮಾಗಳಿವೆ. ಪಾಸ್‌ವರ್ಡ್ ಮಾತ್ರ ಭಾವಮೈದುನನದು.

ಈ ಯುಗದ ಮುಖ್ಯ ಕರ್ಮ ಮತದಾನ. ವಾಟ್ಸ್‌ಆ್ಯಪ್ 2022ರಲ್ಲಿ ಪೋಲ್ ಎಂಬ ಸೌಲಭ್ಯ ತಂದು, ಒಂದು ಪ್ರಶ್ನೆಗೆ 12 ಆಯ್ಕೆಗಳವರೆಗೆ ಕೊಡಬಹುದೆಂದಿತು. ಹನ್ನೆರಡು ಸಾಲದೆ 'ಪೋಲ್ 2, ಮೊದಲನೇದು ನೋಡದೆ ವೋಟ್ ಹಾಕ್ಬೇಡಿ' ಹುಟ್ಟಿತು. ಇದರ ಆಳ ತಿಳಿಯಲು 1785ಕ್ಕೆ ಹೋಗಬೇಕು. ಆ ವರ್ಷ ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ ಒಂದು ಪ್ರಬಂಧದಲ್ಲಿ, ಬಹುಮತ ಎನ್ನುವುದು ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಸುತ್ತಬಲ್ಲದು ಎಂದು ತೋರಿಸಿದ. ಅವನಿಗೆ ನಮ್ಮ ಬಳಗಗಳ ಪರಿಚಯವಿದ್ದಿದ್ದರೆ ಉದಾಹರಣೆ ಸುಲಭವಾಗಿ ಸಿಗುತ್ತಿತ್ತು. ಬಳಗದಲ್ಲಿ ಮೂರು ಪಂಗಡ ಎಂದಿಟ್ಟುಕೊಳ್ಳಿ. ನಿವೃತ್ತರಿಗೆ ಮೊದಲು 'ಘಟಶ್ರಾದ್ಧ', ಆಮೇಲೆ 'ನಾಗರಹಾವು', ಕೊನೆಗೆ ಬೇಕಾದರೆ 'ತಿಥಿ'. ನ್ಯೂಜೆರ್ಸಿಯವರಿಗೆ ಮೊದಲು 'ನಾಗರಹಾವಿ'ನ ವಿಷ್ಣುವರ್ಧನ್ ಬೇಕು, ಇಲ್ಲದಿದ್ದರೆ ನಗಿಸುವ 'ತಿಥಿ' ಆದೀತು, 'ವೀಕೆಂಡ್‌ನಲ್ಲಿ ಘಟಶ್ರಾದ್ಧ ಬೇಡ ಪ್ಲೀಸ್'. ಸಿನಿಮಾ ಕಲಿಯುತ್ತಿರುವ ಹುಡುಗರಿಗೆ 2015ರಲ್ಲಿ ಲೊಕಾರ್ನೊದಲ್ಲಿ ಚಿನ್ನದ ಚಿರತೆ ಗೆದ್ದ 'ತಿಥಿ'ಯೇ ಮೊದಲು, ಆಮೇಲೆ 'ಘಟಶ್ರಾದ್ಧ'ದ ಕಾಸರವಳ್ಳಿ, 'ನಾಗರಹಾವಿ'ನ ಪುಟ್ಟಣ್ಣನವರು ಕೊನೆಗೆ. ಈಗ ಎರಡೆರಡನ್ನೇ ನಿಲ್ಲಿಸಿ ಎಣಿಸಿ. 'ಘಟಶ್ರಾದ್ಧ' 'ನಾಗರಹಾವ'ನ್ನು ಸೋಲಿಸುತ್ತದೆ, 'ನಾಗರಹಾವು' 'ತಿಥಿ'ಯನ್ನು ಸೋಲಿಸುತ್ತದೆ, 'ತಿಥಿ' ತಿರುಗಿ 'ಘಟಶ್ರಾದ್ಧ'ವನ್ನೇ ಸೋಲಿಸುತ್ತದೆ. ಮೂರೂ ಗೆದ್ದವು, ಮೂರೂ ಸೋತವು, ಶನಿವಾರ ಬಂದೇಬಿಟ್ಟಿತು.

ಕೆನೆತ್ ಆರೋ ಎಂಬ ಅರ್ಥಶಾಸ್ತ್ರಜ್ಞರು 1951ರ ತಮ್ಮ ಗ್ರಂಥದಲ್ಲಿ ಇದನ್ನು ಇನ್ನೂ ಮುಂದೊಯ್ದರು. ಮೂರು ಅಥವಾ ಅದಕ್ಕೂ ಹೆಚ್ಚು ಆಯ್ಕೆಗಳಿದ್ದಾಗ, ನ್ಯಾಯವೆನಿಸುವ ಕೆಲವೇ ನಿಯಮಗಳನ್ನು ಒಟ್ಟಿಗೆ ಪಾಲಿಸಬಲ್ಲ ಪದ್ಧತಿ ಒಂದೇ ಒಂದು, ಅದು ಒಬ್ಬ ಸರ್ವಾಧಿಕಾರಿ ಹೇಳಿದಂತೆ ಕೇಳುವುದು. ಆ ಸರ್ವಾಧಿಕಾರಿ ಯಾರೆಂದು ಆರೋ ಹೆಸರಿಸಲಿಲ್ಲ. ನಮ್ಮಲ್ಲಿ ಅವರು ಅಡ್ಮಿನ್. ಶುಕ್ರವಾರ ರಾತ್ರಿ ಹನ್ನೊಂದರ ಮೇಲೆ ಅವರು 'ಹಾಗಾದ್ರೆ ಘಟಶ್ರಾದ್ಧ ಫೈನಲ್' ಎಂದು ಬರೆದು ಪಕ್ಕದಲ್ಲಿ ಕೈಮುಗಿದ ಎಮೋಜಿ ಇಡುತ್ತಾರೆ. ಆ ಎಮೋಜಿಯ ಮುಂದೆ ವಾದಗಳೆಲ್ಲ ಶಾಂತವಾಗುತ್ತವೆ. ಆರೋಗೆ ನೊಬೆಲ್ ಬಂದದ್ದು 1972ರಲ್ಲಿ. 'ನಾಗರಹಾವು', 'ಬಂಗಾರದ ಮನುಷ್ಯ' ಎರಡೂ ತೆರೆಕಂಡದ್ದು ಅದೇ ವರ್ಷ. ಇದನ್ನು ಕಾಕತಾಳೀಯ ಎನ್ನುವವರು ಎಂದೂ ಒಂದು ಬಳಗಕ್ಕೆ ಅಡ್ಮಿನ್ ಆಗಿರಲಾರರು.

ಇನ್ನು ಜ್ಞಾನಮೀಮಾಂಸೆ. ಸದಸ್ಯರಿಗೆ ಸಿನಿಮಾದ ಅರಿವು ಉಂಟಾಗುವುದು ಹೇಗೆ? ಕುಮಾರಿಲ ಭಟ್ಟನ ಪರಂಪರೆಯವರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಮೊದಲನೆಯದು ಪ್ರತ್ಯಕ್ಷ, ಅಂದರೆ ನೋಡಿ ತಿಳಿಯುವುದು. ಬಳಗದಲ್ಲಿ ಇದಕ್ಕೆ ಹೆಚ್ಚು ಮರ್ಯಾದೆಯಿಲ್ಲ. ಪೂರ್ತಿ ನೋಡಿದವರು ಬಾಯಿ ತೆರೆದ ಕೂಡಲೇ ಉಳಿದವರು 'ಸ್ಪಾಯ್ಲರ್, ಸ್ಪಾಯ್ಲರ್' ಎಂದು ಮುಚ್ಚಿಸುತ್ತಾರೆ. ಟ್ರೇಲರ್ ಎಂಬ ಹೊಗೆಯಿಂದ ಸಿನಿಮಾ ಎಂಬ ಬೆಂಕಿಯನ್ನು ಊಹಿಸುವುದು ಅನುಮಾನ. ತಾನು ನೋಡದ ಕನ್ನಡ ಸಿನಿಮಾವನ್ನು ತಾನು ನೋಡದ ಇರಾನಿ ಸಿನಿಮಾಕ್ಕೆ ಹೋಲಿಸುವುದು ಉಪಮಾನ. ಶಬ್ದಪ್ರಮಾಣಕ್ಕೆ ಆಪ್ತರ ಮಾತು ಬೇಕು, 'ನನ್ ಕಲೀಗ್ ಹೇಳ್ದ, ಸೆಕೆಂಡ್ ಹಾಫ್ ಬೋರು' ಎಂಬುದು ಅಷ್ಟಕ್ಕೆ ಸಾಕು.

ಐದನೆಯದಾದ ಅರ್ಥಾಪತ್ತಿಯಲ್ಲೇ ಬಳಗದ ಪ್ರತಿಭೆಯೆಲ್ಲ ಅಡಗಿರುವುದು. ಶಾಸ್ತ್ರದ ದೃಷ್ಟಾಂತ ಪ್ರಸಿದ್ಧ: ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಹಾಗಾದರೆ ರಾತ್ರಿ ಉಣ್ಣುತ್ತಾನೆಂದು ಒಪ್ಪಲೇಬೇಕು. ಬಳಗದ ದೇವದತ್ತ ಗುರುವಾರ 'ಇನ್ನೂ ಟೈಮೇ ಸಿಕ್ಕಿಲ್ಲ ಸರ್' ಎನ್ನುತ್ತಾನೆ. ಶುಕ್ರವಾರ ಮಗಳ ಶಾಲಾ ವಾರ್ಷಿಕೋತ್ಸವ. ಶನಿವಾರ ಬೆಳಗ್ಗೆ ಕಾರಿನ ಸರ್ವಿಸ್, ಮಧ್ಯಾಹ್ನ ಗೃಹಪ್ರವೇಶದ ಊಟ, ಒಬ್ಬಟ್ಟಿನ ಎಲೆಯ ಫೋಟೊ ಸ್ಟೇಟಸ್‌ನಲ್ಲಿದೆ. ಆ ವಾರದ ಚಿತ್ರವೋ ಶಾಂತಾಲ್ ಅಕರ್‌ಮನ್ ಅವರ 'ಝಾನ್ ಡೀಲ್ಮನ್'. ಬ್ರಸೆಲ್ಸಿನ ಒಬ್ಬ ವಿಧವೆಯ ಮೂರು ದಿನಗಳ ಮನೆಗೆಲಸ ತೋರಿಸುವ 1975ರ ಕೃತಿ, 201 ನಿಮಿಷ, 2022ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆ ವಿಮರ್ಶಕರಿಂದ ಮತ ಕೇಳಿದಾಗ ಸಾರ್ವಕಾಲಿಕ ಶ್ರೇಷ್ಠ ಚಿತ್ರವೆಂದು ಮೊದಲ ಸ್ಥಾನಕ್ಕೆ ಬಂದದ್ದು. ರಾತ್ರಿ ಒಂಬತ್ತಕ್ಕೆ ದೇವದತ್ತ ಕ್ಯಾಮೆರಾ ಆನ್ ಮಾಡಿ ಹೇಳುತ್ತಾನೆ: 'ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತಲ್ಲ, ಅಲ್ಲೇ ಆಕೆಯ ಜಗತ್ತು ಬಿರುಕು ಬಿಡೋದು.' ಮಾತು ಸರಿಯಾಗಿಯೇ ಇದೆ. ಅವನು ನೋಡಿಲ್ಲ, ಆದರೂ ಆಲೂಗಡ್ಡೆ ಬೆಂದದ್ದು ಗೊತ್ತು. ಹಾಗಾದರೆ ಎಂಟೂ ಮುಕ್ಕಾಲಿಗೆ ಬಚ್ಚಲುಮನೆಯಲ್ಲಿ ವಿಕಿಪೀಡಿಯಾ ಓದಿದ್ದಾನೆಂದು ಕಲ್ಪಿಸದೆ ಬೇರೆ ದಾರಿಯಿಲ್ಲ.

ಇದೇ ಚಿತ್ರದ ಸಂದರ್ಭದಲ್ಲಿ ವೇಗಪ್ರತ್ಯಕ್ಷ ಎಂಬ ಹೊಸ ಪ್ರಭೇದವೂ ಬೆಳಕಿಗೆ ಬಂತು. ಒಬ್ಬ ಸದಸ್ಯೆ 201 ನಿಮಿಷಗಳನ್ನು ಒಂದೂವರೆ ಪಟ್ಟು ವೇಗದಲ್ಲಿ 134 ನಿಮಿಷಕ್ಕೆ ಇಳಿಸಿ ನೋಡಿ, 'ಕಾಲದ ಭಾರ ಮೈಮೇಲೆ ಕೂತಂಗಾಯ್ತು' ಎಂದರು. ಯಾರಿಗೂ ಇದರಲ್ಲಿ ವಿರೋಧ ಕಾಣಲಿಲ್ಲ. ಅಷ್ಟರಲ್ಲಿ ಯಾರದೋ ಆಫ್ ಆಗದ ಮೈಕಿನಿಂದ ಹಿರಿಯ ಹೆಂಗಸಿನ ದನಿಯೊಂದು ಕೇಳಿಸಿತು: 'ಸಿಪ್ಪೆ ಇಷ್ಟ್ ದಪ್ಪಕ್ಕೆ ತೆಗೆದ್ರೆ ಗಡ್ಡೆ ಏನ್ ಉಳಿಯುತ್ತೆ?' ಆ ರಾತ್ರಿಯ ಚರ್ಚೆಯಲ್ಲಿ ಪರದೆಯ ಮೇಲಿದ್ದುದರ ಬಗ್ಗೆ ಪ್ರತ್ಯಕ್ಷಪ್ರಮಾಣದಿಂದ ಬಂದ ಮಾತು ಅದೊಂದೇ. ಅಡ್ಮಿನ್ ಮ್ಯೂಟ್ ಮಾಡಿದರು.

ಚರ್ಚೆಗೂ ಒಂದು ಕಟ್ಟಳೆಯಿದೆ. 'ನಾನಿನ್ನೂ ಪೂರ್ತಿ ನೋಡಿಲ್ಲ, ಆದ್ರೂ ಒಂದ್ ಮಾತು' ಎಂಬ ಮಂಗಳಾಚರಣೆಯಿಲ್ಲದೆ ಅದು ಆರಂಭವಾಗದು. ಜೂಮ್ ಕಂಪನಿ ದುಡ್ಡು ಕೊಡದವರಿಗೆ 40 ನಿಮಿಷದ ಗಡುವು ಹಾಕಿರುವುದರಿಂದ ಕಾವ್ಯಮೀಮಾಂಸೆಗೆ ಕಾಲಮಿತಿ ಬಿದ್ದ ಮೊದಲ ಸಂದರ್ಭ ಇದೇ ಇರಬೇಕು. ಬೆಂಗಳೂರಿನಲ್ಲಿ ರಾತ್ರಿ ಒಂಬತ್ತಾದಾಗ ನ್ಯೂಜೆರ್ಸಿಯಲ್ಲಿ ಬೆಳಗಿನ ಹನ್ನೊಂದೂವರೆ, ಚಳಿಗಾಲವಾದರೆ ಹತ್ತೂವರೆ. ಅಲ್ಲಿ ದೋಸೆ ಹುಯ್ಯುವ ಸದ್ದು, ಇಲ್ಲಿ ಆಕಳಿಕೆ. ಮೆಲ್ಬರ್ನ್‌ನಲ್ಲಿ ನಡುರಾತ್ರಿ ದಾಟಿರುತ್ತದೆ, ಅಲ್ಲಿನ ಸದಸ್ಯರು ಮಕ್ಕಳು ಎದ್ದಾರೆಂದು ಪಿಸುಗುಟ್ಟುವುದರಿಂದ ಅವರು ಏನೆಂದರೂ ಗಹನವಾಗಿ ಕೇಳುತ್ತದೆ. ಅಭಿನವಗುಪ್ತ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. 'ಸರ್, ನೀವು ಮ್ಯೂಟ್‌ನಲ್ಲಿದೀರ' ಎಂಬುದು ಎಂಟನೆಯದು. ಆ ಸರ್ ಅಷ್ಟು ಹೊತ್ತಿಗೆ ತಮ್ಮ ವಾದದ ತಿರುಳನ್ನೆಲ್ಲ ಹೇಳಿ ಮುಗಿಸಿರುತ್ತಾರೆ, ಎರಡನೇ ಸಲ ಹೇಳುವಾಗ ತಿರುಳು ಉಳಿದಿರುವುದಿಲ್ಲ.

'ಸಂಸ್ಕಾರ'ದಂಥ ಚಿತ್ರ ಬಂದರೆ ಕಟ್ಟಳೆ ಇನ್ನೂ ಸಲೀಸು. ಪಟ್ಟಾಭಿರಾಮ ರೆಡ್ಡಿಯವರ 1970ರ ಈ ಚಿತ್ರವನ್ನು ಸೆನ್ಸಾರಿನವರು ಮೊದಲು ತಡೆದಿದ್ದರು, ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಮೂಲ ಕಾದಂಬರಿ ಓದಿದವರು ಅದನ್ನು ಬರೆದ ಅನಂತಮೂರ್ತಿಯವರ ಬಗ್ಗೆ ಮಾತಾಡುತ್ತಾರೆ, ಓದದವರು ಪ್ರಾಣೇಶಾಚಾರ್ಯನಾಗಿದ್ದ ಕಾರ್ನಾಡರನ್ನು ತಾವು ಒಮ್ಮೆ ಎಲ್ಲೋ ಕಂಡದ್ದರ ಬಗ್ಗೆ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೊವನ್ ಎಂದು ಯಾರಾದರೂ ನೆನಪಿಸಿದರೆ ಮೆಲ್ಬರ್ನ್‌ನವರು ಪಿಸುದನಿಯಲ್ಲೇ ಹೆಮ್ಮೆ ಪಡುತ್ತಾರೆ. ಕಥೆಗೆಲ್ಲ ಮೂಲವಾದ ನಾರಣಪ್ಪನ ಹೆಣದ ಸುದ್ದಿ ಬರುವ ಹೊತ್ತಿಗೆ ನಲವತ್ತು ನಿಮಿಷ ಮುಗಿದಿರುತ್ತದೆ.

ಉಳಿದದ್ದು ಆರನೆಯ ಪ್ರಮಾಣ, ಅನುಪಲಬ್ಧಿ. ಒಂದು ವಸ್ತು ಎಲ್ಲಿಯೂ ಸಿಗದಿರುವುದರಿಂದ ಉಂಟಾಗುವ ಜ್ಞಾನ ಇದು. ಹಳೆಯ ಕನ್ನಡ ಚಿತ್ರಗಳ ವಿಷಯದಲ್ಲಿ ಸದಸ್ಯರಿಗೆ ಇದರ ಅಭ್ಯಾಸ ಚೆನ್ನಾಗಿಯೇ ಇದೆ. ಸಿಕ್ಕ ಪ್ರತಿಯಲ್ಲಿ ಹಾಡಿಲ್ಲ, ಹಾಡಿದ್ದ ಪ್ರತಿಯಲ್ಲಿ ನಾಯಕಿಯ ಮುಖದ ಮೇಲೆ ಚಾನೆಲ್ಲಿನ ಲೋಗೊ. 'ಘಟಶ್ರಾದ್ಧ'ದಂಥ ಭಾಗ್ಯವಂತ ಚಿತ್ರಕ್ಕೆ ಪುನರುದ್ಧಾರವಾಗಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವೂ ಆಯಿತು. ಬಳಗದವರು ಆ ಸುದ್ದಿಯನ್ನು ಹಂಚಿಕೊಂಡು ಪರಸ್ಪರ ಅಭಿನಂದಿಸಿದರು.

ಆದರೆ ಅನುಪಲಬ್ಧಿಯ ಶುದ್ಧ ಉದಾಹರಣೆ ಒಂದಿದೆ. ಒಮ್ಮೆ ಪೋಲಿನಲ್ಲಿ ಹನ್ನೆರಡನೆಯ ಜಾಗ ಖಾಲಿ ಉಳಿಯಿತೆಂದು ಯಾರೋ 'ಸತಿ ಸುಲೋಚನ' ಸೇರಿಸಿದರು. ಕನ್ನಡದ ಮೊದಲ ವಾಕ್ಚಿತ್ರ, ತೆರೆಕಂಡದ್ದು 1934ರ ಮಾರ್ಚ್ 3. ವೈ. ವಿ. ರಾವ್ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಂಭಾಷಣೆ, ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ, ಚಿತ್ರೀಕರಣ ಕೊಲ್ಲಾಪುರದಲ್ಲಿ. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಮೂರೂ ಪಂಗಡಗಳ ಮತ ಅದಕ್ಕೇ ಬಿತ್ತು. ಕೊಂಡೊರ್ಸೆಯ ಚಕ್ರ ನಿಂತಿತು, ಅಡ್ಮಿನ್ ಕೈಮುಗಿಯುವ ಅಗತ್ಯವೂ ಬರಲಿಲ್ಲ. ಚರ್ಚೆಗೆ ಹಿಂದೆಂದೂ ಕಾಣದಷ್ಟು ಜನ ಬಂದರು. ಮಂಗಳಾಚರಣೆಯನ್ನು ಮೊದಲ ಬಾರಿಗೆ ಎಲ್ಲರೂ ಬಿಟ್ಟೇಬಿಟ್ಟರು. ನಿವೃತ್ತರು ಆ ಕಾಲದ ನಟನೆಯ ಗತ್ತನ್ನು ಹೊಗಳಿದರು, ಹುಡುಗರು ಲಾಂಗ್ ಟೇಕ್‌ಗಳ ಬಗ್ಗೆ ಹೇಳಿದರು, ದೇವದತ್ತ ಸುಲೋಚನೆಯ ಮೌನವನ್ನು ವಿವರಿಸಿದ. ಗಡುವು ಮುಗಿದು ಮತ್ತೆ ಎರಡು ಸಲ ಹೊಸ ಲಿಂಕಿನಲ್ಲಿ ಸೇರಬೇಕಾಯಿತು. ಮೆಲ್ಬರ್ನ್‌ನ ಸದಸ್ಯರು ಮಾತ್ರ, ಎಲ್ಲ ಸರಿ, ಯುದ್ಧದ ಭಾಗ ಸ್ವಲ್ಪ ಎಳೆದಿದ್ದಾರೆ ಅನ್ನಿಸಿತು ಎಂದು ಪಿಸುಗುಟ್ಟಿದರು. ನ್ಯೂಜೆರ್ಸಿಯವರು ಒಪ್ಪಲಿಲ್ಲ.