ಷಟ್‌ಪ್ರಮಾಣ ಮೌಲ್ಯಮಾಪನ ಮೀಮಾಂಸೆ

ಪಾಠ ಹುಡುಗನ ತಲೆಗೆ ಹೊಕ್ಕಿತೋ ಇಲ್ಲವೋ ಎಂಬುದು ಮಾಸ್ತರರ ಪಾಲಿನ ಬ್ರಹ್ಮಜಿಜ್ಞಾಸೆ. ಇದಕ್ಕಾಗಿ ಅಮೆರಿಕದ ಬೆಂಜಮಿನ್ ಬ್ಲೂಮ್ 1956ರಲ್ಲಿ ಕಲಿಕೆಗೆ ಆರು ಮೆಟ್ಟಿಲು ಕಟ್ಟಿದರು. ಮೈಕೆಲ್ ಸ್ಕ್ರಿವೆನ್ 1967ರಲ್ಲಿ ಮೌಲ್ಯಮಾಪನವನ್ನು ರೂಪಣಾತ್ಮಕ, ಸಂಕಲನಾತ್ಮಕ ಎಂದು ಇಬ್ಭಾಗ ಮಾಡಿದರು. 2009ರ ಶಿಕ್ಷಣ ಹಕ್ಕು ಕಾಯ್ದೆ 'ನಿರಂತರ, ವ್ಯಾಪಕ' ಎಂದಿತು; ನಮ್ಮಲ್ಲಿ ಅದು ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಎಫ್‌ಎ), ಎರಡು ಸಂಕಲನಾತ್ಮಕ (ಎಸ್‌ಎ) ಪರೀಕ್ಷೆಗಳಾಗಿ ಅವತರಿಸಿತು. ಜ್ಞಾನ ಪಡೆಯುವ ದಾರಿಗಳೆಂದು ಭಾಟ್ಟ ಮೀಮಾಂಸಕರು ಹೇಳಿದ ಆರು ಪ್ರಮಾಣಗಳನ್ನು ಮಾತ್ರ ಯಾವ ಸುತ್ತೋಲೆಯೂ ನೆನೆಯಲಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗಿದೆ.

ಪ್ರತ್ಯಕ್ಷ: ನೋಟ್‌ಬುಕ್ಕು. ಅಕ್ಷರ ದುಂಡಗಿದ್ದು, ಬೈಂಡು ಹರಿಯದಿದ್ದರೆ ಜ್ಞಾನ ಸಿದ್ಧ. ಕೆಂಪು ಶಾಯಿಯಲ್ಲಿ 'ನೋಡಿದೆ' ಎಂದು ಬರೆದರಾಯಿತು. 'ಓದಿದೆ' ಎಂದು ಬರೆಯುವ ಸಂಪ್ರದಾಯವಿಲ್ಲ.

ಅನುಮಾನ: ಬೆಟ್ಟದಲ್ಲಿ ಹೊಗೆಯಾಡಿದರೆ ಬೆಂಕಿ, ತರಗತಿಯಲ್ಲಿ ತಲೆಯಾಡಿದರೆ ತಿಳಿವು. ಬಿಸಿಯೂಟದ ನಂತರದ ತಲೆಯಾಟ ಮಾತ್ರ ಹೇತ್ವಾಭಾಸ.

ಉಪಮಾನ: ಗವಯವೆಂಬ ಕಾಡುಪ್ರಾಣಿ ಹಸುವಿನಂತಿರುತ್ತದೆ, ಇವನ ಉತ್ತರ ಪಕ್ಕದವನ ಉತ್ತರದಂತಿರುತ್ತದೆ, ಕಾಗುಣಿತ ತಪ್ಪುಗಳ ಸಮೇತ.

ಶಬ್ದ: "ಅರ್ಥ ಆಯ್ತೇನ್ರೋ?" ಎಂದರೆ ನಲವತ್ತು ಕಂಠಗಳಿಂದ "ಹೂಂ ಸಾ...ರ್!" ಪರೀಕ್ಷಿಸಲೆಂದು "ಅರ್ಥ ಆಗ್ಲಿಲ್ವೇನ್ರೋ?" ಎಂದು ಕೇಳಿದಾಗಲೂ ಅದೇ ಶ್ರುತಿಯಲ್ಲಿ ಅದೇ "ಹೂಂ ಸಾ...ರ್!" ಶಬ್ದವು ನಿತ್ಯವೆಂಬ ಮೀಮಾಂಸಕರ ವಾದ ಹೀಗೆ ಸಾಬೀತಾಯಿತು.

ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ, ರಾತ್ರಿ ಉಣ್ಣುತ್ತಾನೆ. ಸ್ಕೇಲಿಟ್ಟರೂ ಗೆರೆ ಸೊಟ್ಟಗೆಳೆಯುವ ಹುಡುಗ ಥರ್ಮಾಕೋಲಿನ ಸೌರಮಂಡಲ ಹೊತ್ತು ತಂದರೆ, ಅವನಮ್ಮ ರಾತ್ರಿ ನಿದ್ದೆಗೆಟ್ಟಿದ್ದಾಳೆ. ನಿದ್ದೆ ತಾಯಿಯದು, ಅಂಕ ಮಗನದು.

ಅನುಪಲಬ್ಧಿ: ಟೆಸ್ಟಿನ ದಿನ ಹುಡುಗನೇ ಇಲ್ಲ. ಮಾರನೆಯ ದಿನ ತಂದ ರಜಾ ಚೀಟಿಯಲ್ಲಿ ಅಪ್ಪನ ಸಹಿ ಮಗನ ಕೈಬರಹದಲ್ಲಿದ್ದರೆ ಅದನ್ನು ಬರವಣಿಗೆ ಕೌಶಲಕ್ಕೆ ಪರಿಗಣಿಸತಕ್ಕದ್ದು.

ಸಿದ್ಧಾಂತ: ಆರೂ ಪ್ರಮಾಣಗಳಿಂದ ಅಂಕವಹಿ ತುಂಬಿತು. ಅಷ್ಟರಲ್ಲಿ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಕಳೆಯೋ ಲೆಕ್ಕದಲ್ಲಿ ಹತ್ತರ ಸ್ಥಾನದಿಂದ ಸಾಲ ತಂದ್ವಲ್ಲ, ಅದನ್ನ ತಿರುಗಿ ಕೊಡೋದು ಯಾವಾಗ?" ಎಂದಳು. ಅವಳಿಗೆ ತಿಳಿದದ್ದು, ತಿಳಿಯದ್ದು, ಮಾಸ್ತರರು ಹೇಳದೆ ಬಿಟ್ಟದ್ದು ಮೂರೂ ಒಂದೇ ಮಾತಿನಲ್ಲಿ ಬಯಲಾದವು. ಆದರೆ ಇದು ಆರು ಪ್ರಮಾಣಗಳಲ್ಲಿ ಯಾವುದಕ್ಕೂ ಸೇರದ್ದರಿಂದಲೂ, ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲದ್ದರಿಂದಲೂ, ಅವಳಿಗೆ ಕೂರಲು ಹೇಳಲಾಯಿತು.