ನೋಡೋಣ: ಒಂದು ಶಾಸ್ತ್ರೀಯ ವಿವೇಚನೆ

ನಿರ್ಧಾರ ಹೇಳಬೇಕಾದ ಗಳಿಗೆಯಲ್ಲಿ ಕನ್ನಡಿಗರ ಬಾಯಿಂದ ಹೊರಡುವ ಮೂರಕ್ಷರದ ಉದ್ಗಾರವೇ 'ನೋಡೋಣ'. ಇದು ಹೌದೂ ಅಲ್ಲ, ಇಲ್ಲವೂ ಅಲ್ಲ. ಎರಡರ ನಡುವಿನ ಜಗಲಿ.

ವ್ಯಾಕರಣ: 'ನೋಡು' ಸಕರ್ಮಕ ಧಾತು. ಈ ಪ್ರಯೋಗದಲ್ಲಿ ಮಾತ್ರ ಕರ್ಮಪದ ನಿತ್ಯಲೋಪ. ಏನನ್ನು ನೋಡುವುದೆಂದು ಆಡಿದವರಿಗೂ ತಿಳಿಯದು. ಕರ್ತೃಪದ ಬಹುವಚನವಾದ್ದರಿಂದ ಅರ್ಧ ಹೊಣೆ ಕೇಳಿದವರ ಹೆಗಲಿಗೇ ಬೀಳುತ್ತದೆ.

ಕಾರಣ: ಮೊದಲನೆಯದು ನಷ್ಟಭೀತಿ. ನೂರು ರೂಪಾಯಿ ಸಿಕ್ಕ ಸುಖಕ್ಕಿಂತ ಕಳೆದ ಸಂಕಟವೇ ದೊಡ್ಡದೆಂಬ ತತ್ತ್ವವನ್ನು ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಮಂಡಿಸಿದರು. ಎರಡನೆಯದು ಆಯ್ಕೆಯ ಅತಿವೃಷ್ಟಿ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ಕೊಂಡವರು ಶೇ. 3ರಷ್ಟು; 6 ಬಗೆ ಇಟ್ಟಾಗ ಶೇ. 30ರಷ್ಟು. ಇದೇ ತತ್ತ್ವವನ್ನು ಇಲ್ಲಿನ ಸೀರೆ ಅಂಗಡಿಗಳು ದಿನವೂ ಸಾಬೀತುಮಾಡುತ್ತವೆ: ಬಿಚ್ಚಿದ ಸೀರೆಗಳ ಗುಡ್ಡೆ ಮಂಡಿಯೆತ್ತರ ಮುಟ್ಟಿದಾಗ 'ಒಂದು ರೌಂಡು ಹಾಕ್ಕೊಂಡು ಬರ್ತೀವಿ' ಎಂಬ ಸೂತ್ರ ಹೊರಬೀಳುತ್ತದೆ.

ಸಾಧನಗಳು: ಇವುಗಳಲ್ಲಿ ಪಂಚಾಂಗವೇ ಶ್ರೇಷ್ಠ. ರಾಹುಕಾಲ, ಗುಳಿಕಕಾಲ, ಯಮಗಂಡಕಾಲ ತಲಾ ಒಂದೂವರೆ ಗಂಟೆಯಂತೆ ಹಗಲಿನ ನಾಲ್ಕೂವರೆ ಗಂಟೆಯನ್ನು ನಿರ್ಧಾರಮುಕ್ತಗೊಳಿಸುತ್ತವೆ. ಆಷಾಢ, ಪಿತೃಪಕ್ಷ, ಧನುರ್ಮಾಸಗಳು ವರ್ಷಕ್ಕೊಮ್ಮೆ ಕೈಹಿಡಿಯುತ್ತವೆ. ಇವೂ ಸಾಲದವರಿಗೆ ಸುಮಾರು 32 ತಿಂಗಳಿಗೊಮ್ಮೆ ಅಧಿಕಮಾಸವಿದೆ. ಕಚೇರಿಗಳಲ್ಲಿ ಈ ಕೆಲಸವನ್ನು 'ಚರ್ಚಿಸಿ' ಎಂಬ ಷರಾ ಮಾಡುತ್ತದೆ. ಇದೂ ಮೂರಕ್ಷರದ್ದೇ, ಬರೆದೊಡನೆ ಕಡತ ಮೇಲಿನ ಮೇಜಿನಿಂದ ಕೆಳಗಿನ ಮೇಜಿಗಿಳಿಯುತ್ತದೆ. ದೇವಸ್ಥಾನದಲ್ಲಿ ಹೂಪ್ರಸಾದ ಕೇಳುವ ಕ್ರಮವುಂಟು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ನಿರಾಕರಣೆ. ಎಡಕ್ಕೆ ಬಿದ್ದಲ್ಲಿ 'ಇನ್ನೊಂದು ಸಲ ಕೇಳಿ ನೋಡೋಣ' ಎಂಬ ಮೇಲ್ಮನವಿಗೆ ಅವಕಾಶವಿದೆ.

ಉದಾಹರಣೆ: ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು, ಕೇಸರಿಬಾತಿನ ವಿಷಯದಲ್ಲಿ ಗಂಡಿನ ಕಡೆಯವರ ನಿರ್ಧಾರ ತಟ್ಟೆ ಬಂದೊಡನೆ ಆಗುತ್ತದೆ. ಹೆಣ್ಣಿನ ವಿಷಯ ಬಂದಾಗ 'ಊರಿಗೆ ಹೋಗಿ ಕಾಗದ ಬರೀತೀವಿ' ಎನ್ನುವುದು ಪ್ರಾಚೀನ ಪಾಠ. 'ಫೋನ್ ಮಾಡ್ತೀವಿ' ಎನ್ನುವುದು ಅರ್ವಾಚೀನ ಪಾಠಾಂತರ. ಕಾಗದದ ಕಾಲ ಹೋಗಿ ಫೋನು ಬಂದರೂ ಉತ್ತರ ಬೇಗ ತಲುಪಿದ ನಿದರ್ಶನಗಳು ವಿರಳ.

ಪರಿಣಾಮ: ನೋಡುತ್ತಿರುವಾಗಲೇ ಹುಡುಗಿಯ ಮದುವೆ ಬೇರೆಡೆ ಗೊತ್ತಾಗಿ, ಪ್ರಶ್ನೆ ತಾನಾಗಿಯೇ ಇತ್ಯರ್ಥವಾಗುತ್ತದೆ. ಇದಕ್ಕೆ 'ಋಣಾನುಬಂಧ ಇರಲಿಲ್ಲ' ಎಂಬ ಸಿದ್ಧ ಭಾಷ್ಯವುಂಟು. ಬಹುವಚನದಲ್ಲಿ ಹಂಚಿಹೋಗಿದ್ದ ಹೊಣೆ, ಅಲ್ಲಿಗೆ ಪೂರ್ವಜನ್ಮದ ಖಾತೆಗೆ ವರ್ಗವಾಗುತ್ತದೆ.